ನಿಮಗಿದು ಗೊತ್ತೆ? ಸೂಕ್ಷ್ಮದರ್ಶಕ ತಾನೇ ಫೋಕಸ್ ಮಾಡುವ ಬಗೆ

ಸೂಕ್ಷ್ಮದರ್ಶಕದ ವರ್ಧನೆ ಹೆಚ್ಚಿದಂತೆ ಸ್ಪಷ್ಟವಾಗಿ ಕಾಣುವ ಪದರ ತೆಳುವಾಗುತ್ತದೆ. 100 ಪಟ್ಟು ವರ್ಧಿಸುವ, ಎಣ್ಣೆಹನಿ ಹಾಕಿ ನೋಡುವ ಮಸೂರದಲ್ಲಿ ಅದರ ದಪ್ಪ 1 ಮೈಕ್ರೊಮೀಟರಿಗಿಂತ ಕಡಿಮೆ. ಆದ್ದರಿಂದ ಒಂದೇ ಸ್ಲೈಡಿನ ನೂರಾರು ಚಿತ್ರ ತೆಗೆಯುವ ಯಂತ್ರಕ್ಕೆ ಸ್ವಯಂಚಾಲಿತ ಫೋಕಸ್ ಅಗತ್ಯ.

• ಚಿತ್ರ ಹೋಲಿಸುವ ವಿಧಾನ: ಮೋಟಾರು ಸ್ಲೈಡನ್ನು ಮೇಲೆ ಕೆಳಗೆ ಸರಿಸುತ್ತದೆ, ಕ್ಯಾಮೆರಾ ಪ್ರತಿ ಎತ್ತರದಲ್ಲೂ ಚಿತ್ರ ತೆಗೆಯುತ್ತದೆ. ಅಂಚುಗಳು ಅತ್ಯಂತ ಸ್ಪಷ್ಟವಾಗಿರುವ ಎತ್ತರವನ್ನು ಕಂಪ್ಯೂಟರ್ ಆರಿಸುತ್ತದೆ. ಇದು ನಿಖರ, ಆದರೆ ನಿಧಾನ.

• ಪ್ರತಿಫಲನ ವಿಧಾನ: ಅವಕೆಂಪು ಕಿರಣ ಗಾಜಿನ ಮೇಲ್ಮೈಯಿಂದ ಪ್ರತಿಫಲಿಸಿ ಸಂವೇದಕದ ಮೇಲೆ ಎಲ್ಲಿ ಬೀಳುತ್ತದೆ ಎಂಬುದರಿಂದ ದೂರ ತಿಳಿಯುತ್ತದೆ. ಇದು ವೇಗದ ವಿಧಾನ. ಆದರೆ ಅಳೆಯುವುದು ಗಾಜಿನ ದೂರವನ್ನು, ಜೀವಕೋಶದ ದೂರವನ್ನಲ್ಲ.

• ಹೋಲೋಗ್ರಾಂ ವಿಧಾನ: ವಸ್ತುವನ್ನು ಹಾದುಬಂದ ಬೆಳಕನ್ನು ಮತ್ತೊಂದು ಬೆಳಕಿನೊಡನೆ ಬೆರೆಸಿ, ಮೂಡುವ ವ್ಯತಿಕರಣ ಪಟ್ಟಿಗಳನ್ನು ಒಮ್ಮೆ ದಾಖಲಿಸಿದರೆ ಸಾಕು. ಬೇಕಾದ ಆಳಕ್ಕೆ ಫೋಕಸ್ ಮಾಡುವ ಕೆಲಸವನ್ನು ಆಮೇಲೆ ಕಂಪ್ಯೂಟರ್ ಲೆಕ್ಕದಿಂದಲೇ ಮುಗಿಸುತ್ತದೆ; ಯಾವ ಭಾಗವೂ ಚಲಿಸಬೇಕಿಲ್ಲ. ಗುಜರಾತಿನ ವಡೋದರದಲ್ಲಿರುವ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಅನ್ವಯಿಕ ಭೌತಶಾಸ್ತ್ರ ವಿಭಾಗದ ಸಂಶೋಧಕರು ಡಿಜಿಟಲ್ ಹೋಲೋಗ್ರಫಿ ಸೂಕ್ಷ್ಮದರ್ಶಕದಿಂದ ಕೆಂಪು ರಕ್ತಕಣಗಳ ಆಕಾರ ಅಳೆದಿದ್ದಾರೆ. ಮಲೇರಿಯಾ ತಗುಲಿದ ಕಣಗಳನ್ನು ಕಂಪ್ಯೂಟರಿನಿಂದಲೇ ಗುರುತಿಸುವ ವಿಧಾನವನ್ನು ಅವರು 2012ರಲ್ಲಿ ಪ್ರಕಟಿಸಿದರು.