ಒಂದು ಪ್ಯಾಂಟಿ, 12 ಗಂಟೆ, ಸೋರುವುದೇ ಇಲ್ಲ: ಈ ಫಾರ್ವರ್ಡ್ ಎಷ್ಟು ನಿಜ?

"ಪ್ಯಾಡ್ ಬೇಡ, ಕಪ್ ಬೇಡ. ಈ ಪೀರಿಯಡ್ ಪ್ಯಾಂಟಿ ಒಂದು ಹಾಕಿಕೊಂಡರೆ 12 ಗಂಟೆ ಚಿಂತೆಯಿಲ್ಲ, ಬಾತ್‌ರೂಮಿಗೂ ಹೋಗಬೇಕಿಲ್ಲ. ಕೆಲಸಕ್ಕೆ ಹೋಗುವ ಎಲ್ಲ ಅಕ್ಕತಂಗಿಯರಿಗೂ ಕಳಿಸಿ."

ಇಂಥದೊಂದು ಮೆಸೇಜು ನಿಮ್ಮ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಇದರಲ್ಲಿ ಕೆಮಿಕಲ್ ಇದೆ. ಹಾಕಿದರೆ ಗರ್ಭಕೋಶದ ಕ್ಯಾನ್ಸರ್ ಗ್ಯಾರಂಟಿ, ಮಕ್ಕಳಾಗುವುದಿಲ್ಲ."

ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯಂತಹ ಊರಿನಲ್ಲಿ ಈ ಎರಡೂ ಮೆಸೇಜು ಒಂದೇ ಫೋನಿಗೆ ಬಂದರೆ ಆಶ್ಚರ್ಯವಿಲ್ಲ. ಈ ಭಾಗದ ಹಳ್ಳಿಗಳಿಂದ ಬೆಳಿಗ್ಗೆಯೇ ಬಸ್ಸು, ವ್ಯಾನು ಹತ್ತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಬಹಳ. ಲೈನಿನಲ್ಲಿ ಕೂತರೆ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಇರುತ್ತದೆ. ಮಧ್ಯೆ ಎದ್ದು ಹೋಗಲು ಹಿಂಜರಿಕೆ. ಅಂಥವರಿಗೆ "12 ಗಂಟೆ ಬಾತ್‌ರೂಮ್ ಬೇಡ" ಎಂಬ ಮಾತು ವರದಂತೆ ಕೇಳುತ್ತದೆ. ಎರಡು ಮೆಸೇಜುಗಳಲ್ಲಿ ಹೆಚ್ಚು ತೊಂದರೆ ಮಾಡಬಹುದಾದದ್ದು ಇದೇ ವಾಕ್ಯ ಎಂದು ನಾವು ಹೇಳುತ್ತೇವೆ. ಯಾಕೆ ಎಂದು ನೋಡೋಣ.

ಮೊದಲು ಚುಟುಕಾಗಿ ಉತ್ತರ

• ಪೀರಿಯಡ್ ಪ್ಯಾಂಟಿ ಮೋಸದ ವಸ್ತುವಲ್ಲ. ಸರಿಯಾಗಿ ಬಳಸಿದರೆ ಉಪಯೋಗವಿದೆ.
• "12 ಗಂಟೆ" ಎಲ್ಲರಿಗೂ ಅನ್ವಯಿಸುವ ಲೆಕ್ಕವಲ್ಲ. ಹೆಚ್ಚು ಸ್ರಾವವಾಗುವ ದಿನ ಅದು ನಿಲ್ಲುವುದಿಲ್ಲ.
• ಕ್ಯಾನ್ಸರ್ ಗ್ಯಾರಂಟಿ, ಬಂಜೆತನ ಎನ್ನುವುದಕ್ಕೆ ಆಧಾರವಿಲ್ಲ. ಆದರೆ ಕೆಲವು ಬ್ರಾಂಡುಗಳ ಬಟ್ಟೆಯಲ್ಲಿ ಇರಬಾರದ ರಾಸಾಯನಿಕದ ಬಗ್ಗೆ ಪ್ರಶ್ನೆ ಎದ್ದದ್ದು ನಿಜ.

ಒಳಗೆ ಏನಿದೆ?

ನೋಡಲು ಸಾಮಾನ್ಯ ಒಳಚಡ್ಡಿಯಂತೆಯೇ ಇರುತ್ತದೆ. ವ್ಯತ್ಯಾಸ ಇರುವುದು ಕಾಲುಗಳ ನಡುವಿನ ಪಟ್ಟಿಯಲ್ಲಿ. ಹೊಲಿಯುವವರು ಅದನ್ನು ಗಸೆಟ್ ಎನ್ನುತ್ತಾರೆ. ಅಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ. ಮೈಗೆ ತಾಗುವ ಪದರ ತೇವವನ್ನು ಕೆಳಕ್ಕೆ ದಾಟಿಸುತ್ತದೆ. ನಡುವಿನ ದಪ್ಪ ಪದರ ಅದನ್ನು ಹೀರಿಟ್ಟುಕೊಳ್ಳುತ್ತದೆ. ಕೆಳಗಿನದು ಬಟ್ಟೆಗೆ ತೆಳುವಾದ ಪಾಲಿಯುರೆಥೇನ್ ಹಾಳೆ ಅಂಟಿಸಿದ ಪದರ. ಅದು ತೇವ ಹೊರಗೆ ಬರದಂತೆ ತಡೆಯುತ್ತದೆ.

ಹೀರುವ ಕೆಲಸದಲ್ಲಿ ಮಾಯವೇನಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವುದು ಹೇಗೋ ಹಾಗೆಯೇ. ಎಳೆಗಳ ನಡುವಿನ ಸಣ್ಣ ಸಂದುಗಳು ದ್ರವವನ್ನು ತಮ್ಮೊಳಗೆ ಎಳೆದುಕೊಳ್ಳುತ್ತವೆ. ನಮ್ಮ ಅಜ್ಜಿಯರು ಮಡಿಸಿ ಬಳಸುತ್ತಿದ್ದ ಹಳೇ ಹತ್ತಿ ಸೀರೆಯ ತುಂಡೂ ಮಾಡುತ್ತಿದ್ದುದು ಇದನ್ನೇ.

ಅಂಗಡಿಯ ಬಳಸಿ ಎಸೆಯುವ ಪ್ಯಾಡಿನ ರೀತಿ ಬೇರೆ. ಅದರಲ್ಲಿ ಅನೇಕ ಸಲ ದ್ರವ ತಾಗಿದರೆ ಜೆಲ್ ಆಗುವ ಪುಡಿ ಇರುತ್ತದೆ. ಒಮ್ಮೆ ಹೀರಿದ್ದನ್ನು, ಒತ್ತಿದರೂ ಅದು ಸುಲಭಕ್ಕೆ ಬಿಡುವುದಿಲ್ಲ. ತೊಳೆದು ಬಳಸುವ ಬಟ್ಟೆಯಲ್ಲಿ ಆ ಪುಡಿ ಇಲ್ಲ. ಹಾಗಾಗಿ ಬಟ್ಟೆ ತುಂಬಿದ ಮೇಲೆ ಗಟ್ಟಿಯಾಗಿ ಕೂತರೆ ಸ್ವಲ್ಪ ವಾಪಸ್ ಬರುತ್ತದೆ. ದಿನವಿಡೀ ಹೊಲಿಗೆ ಮೆಷಿನ್ ಮುಂದೆ ಕೂರುವವರಿಗೆ ಇದು ಮುಖ್ಯ ವಿಷಯ.

ಈ ವ್ಯಾಪಾರ ಶುರುವಾದದ್ದು ಹೇಗೆ?

ಇಂಥ ಉಡುಪಿಗೆ ಹೆಸರು ತಂದವು ಕೆಲವೇ ಜನರ ಸಣ್ಣ ಸ್ಟಾರ್ಟಪ್‌ಗಳು. ನ್ಯೂಯಾರ್ಕಿನ ಥಿಂಕ್ಸ್ 2011ರಲ್ಲಿ ಹುಟ್ಟಿತು. 2013ರಲ್ಲಿ ಆಸ್ಟ್ರೇಲಿಯಾದ ಮೋದಿಬೋದಿ ಮತ್ತು ಕೆನಡಾದ ನಿಕ್ಸ್ ಬಂದವು. ಮೋದಿಬೋದಿಯ ಸ್ಥಾಪಕಿ ಕ್ರಿಸ್ಟಿ ಚಾಂಗ್‌ಗೆ ಈ ಯೋಚನೆ ಬಂದದ್ದು ಮುಟ್ಟಿನಿಂದಲ್ಲ. ಹೆರಿಗೆಯ ನಂತರ ಮ್ಯಾರಥಾನ್‌ಗೆ ಅಭ್ಯಾಸ ಮಾಡುವಾಗ ಆಗುತ್ತಿದ್ದ ಮೂತ್ರ ಸೋರಿಕೆಯಿಂದ. ಕೆಮ್ಮಿದರೆ, ನಕ್ಕರೆ, ಭಾರ ಎತ್ತಿದರೆ ಸೋರುವ ಈ ತೊಂದರೆ ನಮ್ಮ ಹಳ್ಳಿಗಳಲ್ಲೂ ಬಹಳ ತಾಯಂದಿರಿಗಿದೆ, ಬಾಯಿಬಿಟ್ಟು ಹೇಳುವವರು ಕಡಿಮೆ. ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮದಿಂದ ಅನೇಕರಿಗೆ ಇದು ಕಡಿಮೆಯಾಗುತ್ತದೆ. ಉಡುಪು ಅದನ್ನು ಮರೆಮಾಡುತ್ತದೆ, ಗುಣಪಡಿಸುವುದಿಲ್ಲ.

ಒಳಉಡುಪಿನ ತಯಾರಿಕೆ ನಮಗೆ ಹೊಸದಲ್ಲ. ಜಾಕಿ ಬ್ರಾಂಡಿನ ಒಳಉಡುಪನ್ನು ಭಾರತದಲ್ಲಿ ತಯಾರಿಸುವ ಪೇಜ್ ಇಂಡಸ್ಟ್ರೀಸ್ ಬೆಂಗಳೂರಿನದೇ ಕಂಪನಿ. ಹೊಲಿಯುವ ಕೈಗಳಲ್ಲಿ ಹೆಚ್ಚಿನವು ಹೆಂಗಸರವೇ. ಆದರೆ ಸಾಮಾನ್ಯ ಒಳಚಡ್ಡಿ ಮಾಡುವುದಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಇದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಗೊತ್ತಾಗುವುದು ಹಾಕಿಕೊಂಡು ದಿನ ಕಳೆದ ಮೇಲೆಯೇ.

"12 ಗಂಟೆ" ಎಂಬ ಸಂಖ್ಯೆ ಎಲ್ಲಿಂದ ಬಂತು?

ಇಂಥ ಸಣ್ಣ ಕಂಪನಿಯ ಒಳಗಿನ ದಿನಚರಿಯನ್ನು ಊಹಿಸಿಕೊಳ್ಳಿ. ನಾಲ್ಕೈದು ಜನ ಇರುತ್ತಾರೆ. ಸ್ವಂತ ಫ್ಯಾಕ್ಟರಿ ಇರುವುದಿಲ್ಲ. ಬಟ್ಟೆ ಒಂದು ಕಡೆಯಿಂದ, ಲ್ಯಾಮಿನೇಟ್ ಮಾಡಿದ ಪದರ ಇನ್ನೊಂದು ಕಡೆಯಿಂದ, ಹೊಲಿಗೆ ಮತ್ತೊಂದು ಯೂನಿಟ್ಟಿನಲ್ಲಿ. ಕಡಿಮೆ ಸಂಖ್ಯೆಯ ಆರ್ಡರ್ ಕೊಟ್ಟರೆ ಯೂನಿಟ್ಟಿನವರು ಒಪ್ಪುವುದಿಲ್ಲ. ಹೆಚ್ಚು ಕೊಟ್ಟರೆ ಇದ್ದ ದುಡ್ಡೆಲ್ಲ ಅದರಲ್ಲೇ ಸಿಕ್ಕಿಬೀಳುತ್ತದೆ. ಸೂಜಿ ತೂರಿದ ಕಡೆಯೆಲ್ಲ ತೂತು, ತೂತಿನಲ್ಲಿ ಸೋರಿಕೆ. ಹಾಗಾಗಿ ಸ್ಯಾಂಪಲ್ ಮೇಲೆ ಸ್ಯಾಂಪಲ್. ಒಮ್ಮೆ ಹಾಕಿದ ಒಳಉಡುಪನ್ನು ವಾಪಸ್ ಪಡೆದು ಮತ್ತೆ ಮಾರುವಂತಿಲ್ಲ, ಹಾಗಾಗಿ ಸೈಜ್ ತಪ್ಪಿದರೆ ಅದೂ ನಷ್ಟವೇ.

ಇನ್ನು ಜಾಹೀರಾತು. ಮುಟ್ಟು ಎಂಬ ಪದವೇ ಅನೇಕರಿಗೆ ಮುಜುಗರ. 2015ರಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಥಿಂಕ್ಸ್ ಜಾಹೀರಾತು ಹಾಕಲು ಹೋದಾಗ, ಜಾಹೀರಾತು ಜಾಗ ನೋಡಿಕೊಳ್ಳುವ ಸಂಸ್ಥೆ ಆಕ್ಷೇಪ ಎತ್ತಿ ಅದು ದೊಡ್ಡ ಸುದ್ದಿಯಾಗಿತ್ತು. ಅಲ್ಲೇ ಹೀಗಾದರೆ ಇಲ್ಲಿ ಹೇಗೆ? ಇಂಥ ಕಂಪನಿಗೆ ಬೇಕಾಗುವುದು ಒಂದೇ ಸಾಲಿನಲ್ಲಿ ಮುಗಿಯುವ, ಎಲ್ಲರಿಗೂ ಅರ್ಥವಾಗುವ ಮಾತು. "ಕಡಿಮೆ ಸ್ರಾವದ ದಿನ ಕೆಲವು ಗಂಟೆ, ಹೆಚ್ಚಿದ್ದರೆ ಬೇಗ ಬದಲಿಸಿ, ಕೂತು ಕೆಲಸ ಮಾಡುವವರು ಜೊತೆಗೆ ಪ್ಯಾಡ್ ಇಡಿ" ಎಂದರೆ ಯಾರು ಕೊಳ್ಳುತ್ತಾರೆ? "12 ಗಂಟೆ" ಎಂದರೆ ಸಾಕು. "ಹೆಚ್ಚೆಂದರೆ 12 ಗಂಟೆ" ಎಂದು ಲೇಬಲಿನಲ್ಲಿ ಬರೆದದ್ದು ಫಾರ್ವರ್ಡ್ ಆಗುವಷ್ಟರಲ್ಲಿ "12 ಗಂಟೆ ಗ್ಯಾರಂಟಿ" ಆಗಿಬಿಡುತ್ತದೆ.

ರಕ್ತ ಹಾಕಿ ಅಳೆದಾಗ ಕಂಡದ್ದು

ಇಂಥ ಉತ್ಪನ್ನಗಳ ಹೀರುವ ಶಕ್ತಿಯನ್ನು ಬಹಳ ಕಾಲ ನೀರು ಅಥವಾ ಉಪ್ಪುನೀರು ಹಾಕಿ ಅಳೆಯುತ್ತಿದ್ದರು. ರಕ್ತ ನೀರಿನಂತಲ್ಲ, ಮಂದ. 2023ರಲ್ಲಿ ಅಮೆರಿಕದ ಒರೆಗಾನ್‌ನ ಸಂಶೋಧಕರು 21 ಉತ್ಪನ್ನಗಳನ್ನು, ಬಳಕೆಯ ಅವಧಿ ಮುಗಿದ ಮನುಷ್ಯರ ಕೆಂಪು ರಕ್ತಕಣಗಳನ್ನೇ ಹಾಕಿ ಪರೀಕ್ಷಿಸಿದರು. ಪ್ಯಾಡ್, ಟ್ಯಾಂಪನ್, ಕಪ್‌ಗಳು ಸುಮಾರು 20ರಿಂದ 50 ಮಿ.ಲೀ. ಹಿಡಿದವು. ಪೀರಿಯಡ್ ಪ್ಯಾಂಟಿ ಹಿಡಿದದ್ದು ಸುಮಾರು 2 ಮಿ.ಲೀ. ಮಾತ್ರ!

ಇದನ್ನೂ ಹಾಗೇ ಫಾರ್ವರ್ಡ್ ಮಾಡಬೇಡಿ. ಆ ಪರೀಕ್ಷೆಯಲ್ಲಿ ಬಳಸಿದ್ದು ಗಟ್ಟಿಯಾದ ಕೆಂಪುಕಣಗಳ ದ್ರವ. ನಿಜವಾದ ಮುಟ್ಟಿನ ಸ್ರಾವದಲ್ಲಿ ರಕ್ತ ಸುಮಾರು ಅರ್ಧ ಅಥವಾ ಅದಕ್ಕಿಂತ ಕಡಿಮೆ, ಉಳಿದದ್ದು ಲೋಳೆ ಮತ್ತಿತರ ದ್ರವ. ಅದು ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಬರುತ್ತದೆ. ಹಾಗಾಗಿ ದಿನನಿತ್ಯದ ಬಳಕೆಯಲ್ಲಿ ಪ್ಯಾಂಟಿ ಇದಕ್ಕಿಂತ ಹೆಚ್ಚು ಹಿಡಿಯಬಹುದು. ಆದರೂ ದಿಕ್ಕು ಸ್ಪಷ್ಟ: ಲೇಬಲಿನ ಮೇಲಿನ ಮಿ.ಲೀ. ಲೆಕ್ಕ ನೀರಿನದ್ದಾಗಿದ್ದರೆ ರಕ್ತಕ್ಕೆ ಅದು ಹೊಂದುವುದಿಲ್ಲ.

ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಹೋಗುವ ರಕ್ತ 30–40 ಮಿ.ಲೀ. 80 ಮಿ.ಲೀ. ದಾಟಿದರೆ ವೈದ್ಯರು ಅತಿಸ್ರಾವ ಎನ್ನುತ್ತಾರೆ. ಅಂದರೆ ಕಡಿಮೆ ಸ್ರಾವದ ಕೊನೆಯ ದಿನಗಳಿಗೆ, ಡೇಟ್ ಹತ್ತಿರವಿದ್ದಾಗ ಮುಂಜಾಗ್ರತೆಗೆ, ಪ್ಯಾಡ್ ಅಥವಾ ಕಪ್ ಜೊತೆಗೆ ಕಾವಲಿಗೆ ಈ ಪ್ಯಾಂಟಿ ಒಳ್ಳೆಯದು. ಹೆಚ್ಚು ಸ್ರಾವದ ಎರಡನೇ ದಿನಕ್ಕೆ ಅದೊಂದನ್ನೇ ನಂಬಿ ಹೊರಡಬೇಡಿ.

ಬಾತ್‌ರೂಮ್ ಬೇಡವೇ?

ಬೇಕು. ಪ್ಯಾಂಟಿ ಹೀರುವುದು ಮುಟ್ಟಿನ ಸ್ರಾವವನ್ನು. ಮೂತ್ರಕೋಶಕ್ಕೆ ಅದರಿಂದ ರಜೆ ಸಿಗುವುದಿಲ್ಲ. ಗಂಟೆಗಟ್ಟಲೆ ಮೂತ್ರ ತಡೆಹಿಡಿಯುವುದು, ಹೋಗಬೇಕಾಗುತ್ತದೆಂದು ನೀರೇ ಕುಡಿಯದಿರುವುದು ಉರಿಮೂತ್ರದಂತಹ ಸೋಂಕಿಗೆ ದಾರಿ. ದಿನವಿಡೀ ಒದ್ದೆ ಬಟ್ಟೆ ಮೈಗೆ ತಾಗಿದ್ದರೆ ತೊಡೆಸಂದಿನಲ್ಲಿ ತುರಿಕೆ, ಫಂಗಸ್ ಬರಬಹುದು.

ಕಾರ್ಖಾನೆಯಲ್ಲಿ ಶೌಚಾಲಯ, ಅದಕ್ಕೆ ಹೋಗಲು ಸಮಯ ಕೊಡಬೇಕಾದದ್ದು ಮಾಲೀಕರ ಹೊಣೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ, ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಗಾರ್ಮೆಂಟ್ಸ್ ಕೂಡ ಸೇರಿದೆ. ಕೆಲಸದ ಜಾಗದ ಕೊರತೆಯನ್ನು ಹೆಣ್ಣುಮಕ್ಕಳು ತಮ್ಮ ದುಡ್ಡಿನಲ್ಲಿ ಕೊಂಡ ಪ್ಯಾಂಟಿಯಿಂದ ಮುಚ್ಚಬೇಕು ಎನ್ನುವುದು ಸರಿಯಲ್ಲ.

ಕಪ್ಪು ಬಟ್ಟೆ ಮುಚ್ಚಿಡುವ ಸಂಗತಿ

ಈ ಪ್ಯಾಂಟಿಗಳ ಗಸೆಟ್ ಹೆಚ್ಚಾಗಿ ಕಪ್ಪು. ಕಲೆ ಕಾಣಬಾರದು ಎಂಬುದು ಉದ್ದೇಶ. ಆದರೆ ಕಲೆಯ ಜೊತೆ ಎಷ್ಟು ರಕ್ತ ಹೋಗುತ್ತಿದೆ ಎಂಬುದೂ ಕಾಣುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಅಂಥವರಿಗೆ ಅತಿಸ್ರಾವ ಗೊತ್ತಾಗದೆ ಹೋದರೆ ನಷ್ಟ ದೊಡ್ಡದು. ಪ್ಯಾಡ್ ಪ್ರತಿ ಒಂದೆರಡು ಗಂಟೆಗೆ ತುಂಬುತ್ತಿದ್ದರೆ, ದೊಡ್ಡ ಗಡ್ಡೆ ಹೋಗುತ್ತಿದ್ದರೆ, ಏಳು ದಿನ ದಾಟಿದರೆ, ಮೆಟ್ಟಿಲು ಹತ್ತಿದರೆ ಸುಸ್ತಾದರೆ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಕೆಮಿಕಲ್, ಕ್ಯಾನ್ಸರ್ ಮಾತು ಎಲ್ಲಿಂದ ಬಂತು?

2020ರಲ್ಲಿ ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ವಿಜ್ಞಾನಿ ಗ್ರಹಾಂ ಪೀಸ್ಲಿ ಅವರ ಪರೀಕ್ಷೆಯಲ್ಲಿ ಥಿಂಕ್ಸ್ ಪ್ಯಾಂಟಿಯ ಬಟ್ಟೆಯಲ್ಲಿ ಫ್ಲೋರಿನ್ ಹೆಚ್ಚಾಗಿ ಕಂಡಿತು. ಅದು ಪಿಫಾಸ್ ಎಂಬ ರಾಸಾಯನಿಕಗಳ ಸುಳಿವು. ನೀರು, ಎಣ್ಣೆ, ಕಲೆ ಅಂಟದಂತೆ ಬಟ್ಟೆ, ಪಾತ್ರೆಗಳಿಗೆ ಇವನ್ನು ಬಳಸುತ್ತಾರೆ. ಬೇಗ ಕರಗುವುದಿಲ್ಲ, ದೇಹ ಸೇರಿದರೆ ಕೆಲವು ವರ್ಷಗಟ್ಟಲೆ ಉಳಿಯುತ್ತವೆ. ಈ ಗುಂಪಿನ ಪಿಎಫ್‌ಓಎ ಎಂಬುದನ್ನು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಥಿಂಕ್ಸ್ ಮೇಲೆ ಗ್ರಾಹಕರು ಹಾಕಿದ ದಾವೆ 2023ರಲ್ಲಿ ರಾಜಿಯಾಯಿತು. ಕಂಪನಿ 50 ಲಕ್ಷ ಡಾಲರ್‌ವರೆಗೆ ಕೊಡಲು ಒಪ್ಪಿತು, ತಪ್ಪು ಮಾಡಿದ್ದೇವೆ ಎಂದು ಮಾತ್ರ ಒಪ್ಪಲಿಲ್ಲ.

ಇಲ್ಲಿ ಗಮನಿಸಿ. ಬಟ್ಟೆಯಲ್ಲಿ ಆ ರಾಸಾಯನಿಕ ಇರುವುದು ಬೇರೆ, ಪ್ಯಾಂಟಿ ಹಾಕಿದವರಿಗೆ ಕ್ಯಾನ್ಸರ್ ಬಂತು ಎನ್ನುವುದು ಬೇರೆ. ಎರಡನೆಯದನ್ನು ಆ ದಾವೆ ಸಾಬೀತು ಮಾಡಿಲ್ಲ. ಹಾಗೆಂದು ಬೇಡದ ರಾಸಾಯನಿಕ ಮೈಗೆ ತಾಗಲಿ ಎಂದೂ ಅಲ್ಲ. ಬಟ್ಟೆಗೆ ಬೇಕೆಂದೇ ಪಿಫಾಸ್ ಸೇರಿಸುವುದನ್ನು ಕ್ಯಾಲಿಫೋರ್ನಿಯಾ 2025ರಿಂದ ನಿಷೇಧಿಸಿದೆ. ಸೋರಿಕೆ ತಡೆಯಲು ಪಿಫಾಸ್ ಅನಿವಾರ್ಯವೂ ಅಲ್ಲ, ಪಾಲಿಯುರೆಥೇನ್ ಪದರವೇ ಸಾಕು.

ಕೊಳ್ಳುವ ಮುಂಚೆ, ಕೊಂಡ ಮೇಲೆ

• ನಮ್ಮ ದೇಶದಲ್ಲಿ ತೊಳೆದು ಬಳಸುವ ಪ್ಯಾಡ್ ಮತ್ತು ಪೀರಿಯಡ್ ಪ್ಯಾಂಟಿಗೆ ಬಿಐಎಸ್ ಮಾನದಂಡವಿದೆ: ಐಎಸ್ 17514:2021. ಇದರಂತೆ ಪರೀಕ್ಷೆ ಆಗಿದೆಯೇ ಎಂದು ಕೇಳಿ.
• ಪಿಫಾಸ್ ಇಲ್ಲ ಎಂದು ಬರೆದಿದ್ದರೆ ಪರೀಕ್ಷಾ ವರದಿ ತೋರಿಸಲು ಹೇಳಿ. "ಕೆಮಿಕಲ್ ಫ್ರೀ" ಎಂಬ ಮಾತಿಗೆ ಅರ್ಥವಿಲ್ಲ.
• ಮೊದಲ ಸಲ ಮನೆಯಲ್ಲಿರುವ ದಿನ ಹಾಕಿ ನೋಡಿ. ನಿಮ್ಮ ದೇಹಕ್ಕೆ ಎಷ್ಟು ಗಂಟೆ ಎಂದು ಆಗಲೇ ತಿಳಿಯುತ್ತದೆ.
• ಮೊದಲು ತಣ್ಣೀರಿನಲ್ಲಿ ಜಾಲಿಸಿ. ಬಿಸಿನೀರಿನಲ್ಲಿ ರಕ್ತದ ಕಲೆ ಕಚ್ಚಿಕೊಳ್ಳುತ್ತದೆ. ಕಂಫರ್ಟ್‌ನಂತಹ ಬಟ್ಟೆ ಮೆದುಮಾಡುವ ದ್ರವ ಹಾಕಬೇಡಿ, ಅದು ಎಳೆಗಳ ಮೇಲೆ ಕೂತು ಹೀರುವ ಶಕ್ತಿ ಕುಗ್ಗಿಸುತ್ತದೆ. ಇಸ್ತ್ರಿ ಬೇಡ.
• ಗಾಳಿ ಬೆಳಕಿನಲ್ಲಿ ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ದಪ್ಪ ಗಸೆಟ್ ಒಣಗಲು ಬಹಳ ಹೊತ್ತು ಬೇಕು. ಒಂದೇ ಪ್ಯಾಂಟಿ ಇಟ್ಟುಕೊಂಡರೆ ಸಾಲದು.

ಕೊನೆಯ ಮಾತು ಮುಖ್ಯ. ಹಿಂದಿನವರ ಬಟ್ಟೆಯಿಂದ ತೊಂದರೆಯಾದದ್ದು ಬಟ್ಟೆಯದೇ ತಪ್ಪಿನಿಂದಲ್ಲ. ಯಾರಿಗೂ ಕಾಣಬಾರದೆಂದು ಅದನ್ನು ಹಾಸಿಗೆಯ ಕೆಳಗೆ, ಕತ್ತಲ ಮೂಲೆಯಲ್ಲಿ ಅರೆಒದ್ದೆಯಾಗಿ ಒಣಗಿಸಿದ್ದರಿಂದ. ಇನ್ನೂರು ರೂಪಾಯಿಯದಾಗಲಿ, ಎರಡು ಸಾವಿರದ್ದಾಗಲಿ, ಹೊಸ ಪ್ಯಾಂಟಿಯನ್ನೂ ಹಾಗೇ ಬಚ್ಚಿಟ್ಟು ಒಣಗಿಸಿದರೆ ಅದೇ ಕತೆ. ಅಂಗಳದ ಹಗ್ಗದ ಮೇಲೆ ಬೇರೆ ಬಟ್ಟೆಗಳ ಸಾಲಿನಲ್ಲೇ ಅದಕ್ಕೂ ಜಾಗ ಕೊಡಿ.

ಫಾರ್ವರ್ಡ್ ಮಾಡಲೇಬೇಕೆಂದರೆ ಇದನ್ನು ಮಾಡಿ: "ಪೀರಿಯಡ್ ಪ್ಯಾಂಟಿ ಕಡಿಮೆ ಸ್ರಾವದ ದಿನಕ್ಕೆ ಒಳ್ಳೆಯದು. ಹೆಚ್ಚು ಸ್ರಾವವಿದ್ದರೆ ಜೊತೆಗೆ ಪ್ಯಾಡ್ ಅಥವಾ ಕಪ್ ಬೇಕು. ಒದ್ದೆ ಎನಿಸಿದ ಕೂಡಲೇ ಬದಲಿಸಿ. ನೀರು ಕುಡಿಯಿರಿ, ಬಾತ್‌ರೂಮಿಗೆ ಹೋಗಿ. ಬಿಸಿಲಿನಲ್ಲಿ ಒಣಗಿಸಿ."