ಬ್ಯಾಟರಿ ತೆಗೆದರೆ ಕಾರು ಮರೆಯುವುದೇನು?

ಪ್ರಶ್ನೆ: ಸತ್ತ ಬ್ಯಾಟರಿ ಬದಲಿಸಿದ ಮೇಲೆ ಎರಡು ದಿನ, ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ನಮ್ಮ ಪೆಟ್ರೋಲ್ ಕಾರಿನ ಎಂಜಿನ್ ತಡವರಿಸಿತು. ಆಮೇಲೆ ತಾನೇ ಸರಿಹೋಯಿತು. ಯಾಕೆ?

ಉತ್ತರ: ಎಂಜಿನ್ ಕಂಪ್ಯೂಟರ್ ಮತ್ತೆ ಪಾಠ ಕಲಿಯುತ್ತಿತ್ತು. ಅದರ ಮೂಲ ಪ್ರೋಗ್ರಾಂ ಕರೆಂಟು ಹೋದರೂ ಅಳಿಯದ ಮೆಮೊರಿಯಲ್ಲಿದೆ. ಅನೇಕ ಕಾರುಗಳಲ್ಲಿ ಅಳಿಯುವುದು ಅನುಭವದ ಲೆಕ್ಕ. ಇಂಜೆಕ್ಟರ್ ಎಷ್ಟು ಸವೆದಿದೆ, ಥ್ರಾಟಲ್ ಅಂಚಿನಲ್ಲಿ ಎಷ್ಟು ಮಸಿ ಕಟ್ಟಿದೆ ಎಂಬುದು ಕಂಪ್ಯೂಟರಿಗೆ ನೇರವಾಗಿ ಕಾಣದು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರ್‌ನಿಂದ ತಿಳಿದು, ಪೆಟ್ರೋಲನ್ನು ಚೂರು ಹೆಚ್ಚಿಸಿ, ಚೂರು ತಗ್ಗಿಸಿ, ಹದ ಸಿಕ್ಕಾಗ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆ ನೆನಪನ್ನು ಕಾಯುವುದು, ಕೀಲಿ ತೆಗೆದ ಮೇಲೂ ಬ್ಯಾಟರಿಯಿಂದ ಹರಿಯುವ ಸಣ್ಣ ಕರೆಂಟು. ಅದು ತಪ್ಪಿದರೆ ಹೊಸ ಕಾರಿನ ಲೆಕ್ಕದಿಂದಲೇ ಶುರು. ಹಳೆಯ ಎಂಜಿನ್ನಿಗೆ ಆ ಲೆಕ್ಕ ಒಗ್ಗದೆ ತಡವರಿಸುತ್ತದೆ.

ಚೆಕ್ ಎಂಜಿನ್ ದೀಪ ಆರಿಸಲು ಟರ್ಮಿನಲ್ ಕಳಚುವವರಿದ್ದಾರೆ. ದಯವಿಟ್ಟು ಬೇಡ. ದೋಷದ ಕೋಡ್ ಅಳಿದುಹೋದರೆ ಮೆಕ್ಯಾನಿಕ್‌ಗೆ ಸುಳಿವೇ ಸಿಗದು. ನಿಜವಾಗಿ ಹೆದರಬೇಕಾದ್ದು ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್, ಮೈನಸ್ ಅದಲುಬದಲಾಗುವುದಕ್ಕೆ: ಆಗ ನೆನಪಲ್ಲ, ಕಂಪ್ಯೂಟರೇ ಸುಟ್ಟುಹೋಗಬಹುದು. ವೈರ್ ಹಚ್ಚುವ ಮುನ್ನ ಟರ್ಮಿನಲ್ ಮೇಲಿನ ಗುರುತನ್ನು ಎರಡು ಸಲ ನೋಡಿ.