ಕಪಿಲೆಯ ಮಗ್ಗುಲಲ್ಲಿ ಸೈಕಲ್ ಸಂಚಾರ

ನಂಜನಗೂಡಿನ ದೊಡ್ಡ ತೇರಿಗೆ, ಸುತ್ತೂರಿನ ಜಾತ್ರೆಗೆ, ತಿರುಮಕೂಡಲಿನ ಸಂಗಮಕ್ಕೆ ಹೋಗಿಬಂದವರು ನಮ್ಮ ಓದುಗ ಬಾಂಧವರಲ್ಲಿ ಬಹಳ ಮಂದಿ ಇರುವರು. ಆದರೆ ಈ ಮೂರು ಕ್ಷೇತ್ರಗಳನ್ನೂ ಕಪಿಲಾ ನದಿಯು ಒಂದೇ ದಾರದಲ್ಲಿ ಪೋಣಿಸಿದೆಯೆಂಬುದು ವಾಹನದ ಕಿಟಕಿಯಿಂದ ನೋಡಿದವರಿಗೆ ತಿಳಿಯಲಾರದು. ರಾಷ್ಟ್ರೀಯ ಹೆದ್ದಾರಿ 766 ನಂಜನಗೂಡಿನಿಂದ ಉತ್ತರಕ್ಕೆ ಮೈಸೂರಿಗೆ ಹೋಗಿ, ಅಲ್ಲಿಂದ ಮತ್ತೆ ಆಗ್ನೇಯಕ್ಕೆ ಹೊರಳಿ ತಿ. ನರಸೀಪುರವನ್ನು ಸೇರುತ್ತದೆ. ಹೀಗೆ ಬಳಸಿಕೊಂಡು ಹೋದರೆ 50 ಕಿಲೋಮೀಟರಿಗೂ ಮಿಗಿಲು. ನದಿಯಾದರೋ ಹಾಗೆ ಬಳಸುವುದಿಲ್ಲ. ನೇರವಾಗಿ ಪೂರ್ವಕ್ಕೆ ಹರಿದು ಕಾವೇರಿಯನ್ನು ಕೂಡುತ್ತದೆ. ಆ ನದಿಯ ಜೊತೆಜೊತೆಗೆ ಊರಿಂದೂರಿಗೆ ಸಾಗುವ ಸಣ್ಣ ದಾರಿಗಳೇ ಈ ಲೇಖನದ ವಿಷಯ. ಸೈಕಲ್ಲು ತುಳಿಯುವವರಿಗೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ದಾರಿಗಳಿಲ್ಲವೆಂಬುದು ನಮ್ಮ ಅಭಿಪ್ರಾಯ.

ಸೈಕಲ್ ಸಂಚಾರವೆಂದೊಡನೆ ಫ್ರಾನ್ಸ್ ದೇಶದ ಹೆಸರು ಬರುವುದು ಸಹಜ. ಅಲ್ಲಿ ಮೂರು ವಾರಗಳ ಮಹಾಸ್ಪರ್ಧೆ ಜಗತ್ಪ್ರಸಿದ್ಧವಾದುದು ನಿಜ. ಆದರೆ ಆ ದೇಶದ ನಿಜವಾದ ಭಾಗ್ಯವಿರುವುದು ಕಾಡು ಮತ್ತು ಹೊಲಗಳ ನಡುವೆ ಸಾಗುವ ಜಿಲ್ಲಾ ರಸ್ತೆಗಳಲ್ಲಿ. ಹಳೆಯ ಪದ್ಧತಿಯಂತೆ ಅಲ್ಲಿನ ರಾಷ್ಟ್ರೀಯ ರಸ್ತೆಯ ಮೈಲಿಗಲ್ಲಿಗೆ ಕೆಂಪು ತಲೆ, ಜಿಲ್ಲಾ ರಸ್ತೆಯ ಕಲ್ಲಿಗೆ ಹಳದಿ ತಲೆ. ಹಳದಿಯನ್ನು ಹುಡುಕಿಕೊಂಡು ಹೋದವನಿಗೆ ಅಲ್ಲಿ ನೆಮ್ಮದಿ. ನಮ್ಮಲ್ಲಿ ಇದು ತಿರುಗುಮುರುಗು. ಹಳದಿ ತಲೆಯ ಕಲ್ಲು ಕಂಡರೆ ಅದು ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣವಾದರೆ ಗ್ರಾಮೀಣ ರಸ್ತೆ. ಮಕ್ಕಳೊಡನೆ ಹೊರಟವರು ಹಳದಿಯನ್ನು ಬಿಟ್ಟು ಕಿತ್ತಳೆಯನ್ನು ಹಿಡಿಯತಕ್ಕದ್ದು. ನಕ್ಷೆಯನ್ನು ನೋಡಬಾರದವರಿಗೂ ಇಷ್ಟು ಗುರುತು ಸಾಕು.

ಕಾಡಿನ ದಾರಿಯೇ ಬೇಕೆನ್ನುವ ತರುಣರು ಗುಂಡ್ಲುಪೇಟೆಯನ್ನು ದಾಟಿ ಬಂಡೀಪುರದ ಕಡೆಗೆ ಕಣ್ಣು ಹಾಯಿಸುವುದುಂಟು. ಇದನ್ನು ನಾವು ಒಪ್ಪಲಾರೆವು. ಅದು ಹುಲಿ ಮತ್ತು ಆನೆಗಳ ನೆಲೆ. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನೇ ನಿರ್ಬಂಧಿಸಲಾಗಿದೆ. ನಂಜನಗೂಡು ತಾಲ್ಲೂಕಿನೊಳಗೇ ಹೆಡಿಯಾಲದ ಕಡೆಯ ಕಾಡಂಚಿನ ಊರುಗಳಲ್ಲಿ ಜನರು ಹೊತ್ತು ಮುಳುಗಿದ ಮೇಲೆ ಹೊರಗೆ ಹೋಗಲು ಹಿಂದುಮುಂದು ನೋಡುತ್ತಾರೆ. ಫ್ರಾನ್ಸಿನ ಕಾಡಿನಲ್ಲಿ ಸೈಕಲ್ಲಿಗನು ಎದುರಿಸಬೇಕಾದದ್ದು ಹೆಚ್ಚೆಂದರೆ ಒಂದು ಜಿಂಕೆ, ಒಂದು ಹಂದಿ. ನಮ್ಮ ಸೈಕಲ್ಲಿಗೆ ಒಪ್ಪುವ ಕಾಡೆಂದರೆ ದಾರಿಯ ಎರಡೂ ಬದಿಯ ಸಾಲುಮರ, ತೆಂಗಿನ ತೋಟ, ನಾಲೆಯ ಏರಿಯ ಮೇಲಿನ ಹೊಂಗೆ.

ನಂಜನಗೂಡಿನಿಂದ ಹೊರಡುವವರು ಮುಂಜಾನೆ ಇಷ್ಟಲಿಂಗ ಪೂಜೆಯನ್ನು ಮುಗಿಸಿ, ಬಿಸಿಲೇರುವ ಮುನ್ನ ಹೊರಡುವುದು ಒಳ್ಳೆಯದು. ಊರಿನ ಅಂಚಿನಲ್ಲಿ ಕಪಿಲೆಗೆ ಅಡ್ಡಲಾಗಿ 1735ರಲ್ಲಿ ದಳವಾಯಿ ದೇವರಾಜಯ್ಯನು ಕಟ್ಟಿಸಿದ ಕಲ್ಲುಸೇತುವೆಯಿದೆ. ಎತ್ತಿನಗಾಡಿಗಳಿಗಾಗಿ ಹುಟ್ಟಿದ ಈ ಸೇತುವೆ ಮುಂದೆ ರೈಲು ಕಂಬಿಯನ್ನೂ ಹೊತ್ತಿತು. ಈಗ ಅದಕ್ಕೆ ವಿಶ್ರಾಂತಿ. ತಾಲ್ಲೂಕಿನ ಗದ್ದೆಗಳಿಗೆ ನೀರುಣಿಸುವ ಹುಲ್ಲಹಳ್ಳಿ ಮತ್ತು ರಾಂಪುರ ನಾಲೆಗಳು ಹುಲ್ಲಹಳ್ಳಿಯ ಹಳೆಯ ಅಣೆಕಟ್ಟೆಯಿಂದ ಹೊರಡುತ್ತವೆ. 1974ರಲ್ಲಿ ಮುಗಿದ ಕಬಿನಿ ಜಲಾಶಯದ ಬಲದಂಡೆ ನಾಲೆಯದು ಇನ್ನೂ ದೊಡ್ಡ ಹರವು. ನಾಲೆಯ ನೀರು ಏರುವುದನ್ನು ಅರಿಯದು; ಆದುದರಿಂದ ಅದರ ಮಗ್ಗುಲಿನ ದಾರಿಯೂ ಬಹುಮಟ್ಟಿಗೆ ಸಮತಟ್ಟು. ಹತ್ತು ವರ್ಷದ ಮಗುವಾಗಲಿ, ಮೊಣಕಾಲು ನೋವಿನ ಅಜ್ಜನಾಗಲಿ ದಣಿಯದೆ ತುಳಿಯಬಹುದಾದದ್ದು ಇಂಥ ದಾರಿಯನ್ನೇ.

ಸಮೀಪದ ದೇವರಸನಹಳ್ಳಿಯ ಹೆಸರನ್ನು ರಸಬಾಳೆಯ ರುಚಿ ಬಲ್ಲವರು ಮರೆಯಲಾರರು. ಪನಾಮಾ ಸೊರಗು ರೋಗದಿಂದ ಆ ತೋಟಗಳು ಬಹುಪಾಲು ಅಳಿದುಹೋದವು; ಭೌಗೋಳಿಕ ಮಾನ್ಯತೆ ದೊರೆತ ಮೇಲೂ ರಸಬಾಳೆ ಹಿಂದಿನ ವೈಭವಕ್ಕೆ ಮರಳಿಲ್ಲ. ದಾರಿಯಲ್ಲಿ ನಿಜವಾದ ರಸಬಾಳೆ ಸಿಕ್ಕಿದರೆ ಬೆಲೆ ಕೇಳದೆ ಕೊಳ್ಳಿರಿ.

ಮುಂದೆ ಸುತ್ತೂರು. ಆದಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಶಿವಯೋಗಿಗಳ ನೆಲೆಯಾದ ಈ ಕ್ಷೇತ್ರವನ್ನೂ, 1954ರಲ್ಲಿ ಪೂಜ್ಯ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ವಿದ್ಯಾಪೀಠವನ್ನು ಸ್ಥಾಪಿಸಿದ ಕಥೆಯನ್ನೂ ನಮ್ಮ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. ಸೈಕಲ್ಲಿನವರ ದೃಷ್ಟಿಯಿಂದ ಒಂದೇ ಮಾತು: ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ಬಳಲಿದವರಿಗೆ ಮಠದ ದಾಸೋಹವಿದೆ, ಹೊಳೆಯ ಗಾಳಿಯಿದೆ. ಪಶ್ಚಿಮ ದೇಶಗಳಲ್ಲಿ ಸೈಕಲ್ ಯಾತ್ರಿಕರಿಗೆಂದು ತಂಗುದಾಣಗಳನ್ನು ಕಟ್ಟುತ್ತಾರೆ. ನಮ್ಮಲ್ಲಿ ಮಠಗಳು ಆ ಕೆಲಸವನ್ನು ಕಾಲ್ನಡಿಗೆಯ ಕಾಲದಿಂದಲೇ ಮಾಡುತ್ತ ಬಂದಿವೆ. ಅದೇ ತಾಲ್ಲೂಕಿನ ದೇವನೂರಿನ ಗುರುಮಲ್ಲೇಶ್ವರ ಮಠದ ದಾಸೋಹವನ್ನೂ ಇಲ್ಲಿ ನೆನೆಯಬೇಕು.

ತಿ. ನರಸೀಪುರವನ್ನು ಸೇರಿ ಗುಂಜಾ ನರಸಿಂಹನನ್ನೂ, ಸಂಗಮದಾಚೆಯ ಅಗಸ್ತ್ಯೇಶ್ವರನನ್ನೂ ಕಂಡ ಮೇಲೆ ಎರಡು ದಾರಿಗಳುಂಟು. ಒಂದು, ಸುಮಾರು 10 ಕಿಲೋಮೀಟರು ದೂರದ ಸೋಮನಾಥಪುರಕ್ಕೆ. 1268ರ ಆ ಕೇಶವ ದೇವಾಲಯವು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದ ತರುವಾಯ ಕಾರುಗಳ ಓಡಾಟ ಹೆಚ್ಚಿದೆ, ಭಾನುವಾರ ಬೇಡ. ಇನ್ನೊಂದು, ಮುಡುಕುತೊರೆಯ ಮೂಲಕ ತಲಕಾಡಿಗೆ. ನಮಗೆ ಇದೇ ಹೆಚ್ಚು ಪ್ರಿಯ. ಪಂಚಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನನು ನೆಲೆಸಿದ ಗುಡ್ಡದ ಮೇಲೆ ನಿಂತರೆ ಕಾವೇರಿ, ಗದ್ದೆಯ ಬಯಲು, ತೋಟಗಳ ಸಾಲು ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಸೈಕಲ್ಲನ್ನು ಬುಡದಲ್ಲಿ ನಿಲ್ಲಿಸಿ ಮೆಟ್ಟಿಲು ಹತ್ತಬೇಕು. ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟು ವಿಜಯನಗರದ ಕಾಲದ್ದು; ಅದರ ನಾಲೆ ಇಂದಿಗೂ ಹರಿಯುತ್ತಿದೆ.

ಅಪಾಯಗಳನ್ನೂ ಹೇಳದಿದ್ದರೆ ತಪ್ಪಾದೀತು. ಬಹಳಷ್ಟು ನಾಲೆಗಳಿಗೆ ತಡೆಗೋಡೆಯಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ನಾಲೆಗೆ ಉರುಳಿ 30 ಜನರು, ಅವರಲ್ಲಿ ಶಾಲಾಮಕ್ಕಳೂ, ಪ್ರಾಣ ಕಳೆದುಕೊಂಡುದನ್ನು ಯಾರೂ ಮರೆತಿಲ್ಲ. ಏರಿಯ ಮೇಲೆ ಮಕ್ಕಳನ್ನು ನೀರಿಗೆ ದೂರವಾದ ಮಗ್ಗುಲಲ್ಲಿ, ಒಬ್ಬರ ಹಿಂದೆ ಒಬ್ಬರಂತೆ ಬಿಡಬೇಕು. ಮಳೆ ಬಿದ್ದ ಮರುದಿನ ಏರಿಯ ಮಣ್ಣು ಚಕ್ರಕ್ಕೆ ಮೆತ್ತಿ ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಕೂರುತ್ತದೆ. ಸುಗ್ಗಿಯಲ್ಲಿ ರೈತರು ರಾಗಿ, ಹುರುಳಿಯನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕುವರು. ಆ ಹುಲ್ಲು ಚೈನಿಗೆ ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ ಬೇಕು. ಇಳಿದು ತಳ್ಳಿಕೊಂಡು ಹೋದರೆ ರೈತನಿಗೂ ಸಂತೋಷ. ಕಬಿನಿಯಿಂದ ಹೆಚ್ಚು ನೀರು ಬಿಟ್ಟಾಗಲಂತೂ ಈ ದಾರಿಗಳ ಕಡೆಗೆ ತಲೆ ಹಾಕಬಾರದು. 2018 ಮತ್ತು 2019ರ ನೆರೆಯಲ್ಲಿ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೇ ನೀರಿನಲ್ಲಿ ಮುಳುಗಿತ್ತು.

ಇವೆಲ್ಲಕ್ಕಿಂತ ನಮ್ಮನ್ನು ಕಾಡುವುದು ನೆರಳಿನ ಪ್ರಶ್ನೆ. ಫ್ರಾನ್ಸಿನ ದಕ್ಷಿಣದಲ್ಲಿ 1681ರಲ್ಲಿ ತೆರೆದ, 240 ಕಿಲೋಮೀಟರು ಉದ್ದದ ಮಿದಿ ಕಾಲುವೆಯ ದಡದಲ್ಲಿ ಕಾಶ್ಮೀರದ ಚಿನಾರ್ ಮರದ ದಾಯಾದಿಗಳಾದ ಸುಮಾರು 42,000 ಮರಗಳಿದ್ದವು. ಆ ನೆರಳಿನಲ್ಲಿ ಸೈಕಲ್ಲು ತುಳಿಯಲೆಂದೇ ಪರದೇಶದವರು ಬರುತ್ತಿದ್ದರು. 2006ರಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡು ಮರಗಳನ್ನು ಸಾವಿರಗಟ್ಟಲೆಯಾಗಿ ಕಡಿಯಬೇಕಾಯಿತು. ಅಲ್ಲಿನವರು ಕಡಿದಲ್ಲಿ ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ನಮ್ಮ ಸಾಲುಮರಗಳಿಗೆ ಯಾವ ರೋಗವೂ ಬಂದಿಲ್ಲ. ರಸ್ತೆಯ ವಿಸ್ತರಣೆ ಬಂದಿದೆ. 2025ರ ಏಪ್ರಿಲಿನಲ್ಲಿ ಮೈಸೂರಿನ ಹೈದರಾಲಿ ರಸ್ತೆಯ 40 ಮರಗಳು ಉರುಳಿದಾಗ ನಗರದ ಜನರು ಬೀದಿಗಿಳಿದು ಪ್ರತಿಭಟಿಸಿದರು. ಹಳ್ಳಿಯ ದಾರಿಯ ಹುಣಸೆ, ಆಲಗಳು ಉರುಳಿದಾಗ ಕೇಳುವವರು ಯಾರು? 1976ರ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯುವಾಗ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಆ ಪ್ರಕಟಣೆಗೆ ಉತ್ತರವಾಗಿ ಗ್ರಾಮಸ್ಥರು ಒಂದು ಅರ್ಜಿ ಬರೆಯುವುದು ಕಷ್ಟದ ಕೆಲಸವಲ್ಲ. ಮಾಗಡಿ ತಾಲ್ಲೂಕಿನಲ್ಲಿ ಸಾಲುಮರದ ತಿಮ್ಮಕ್ಕನವರು ನೀರು ಹೊತ್ತು 385 ಆಲಗಳನ್ನು ಬೆಳೆಸಿದುದು ಕೂಡ ಒಂದು ಹಳ್ಳಿಯ ರಸ್ತೆಯ ಬದಿಯಲ್ಲಿಯೇ.

ಈ ನೆರಳು ಕೇವಲ ಸಂಚಾರಕ್ಕೆ ಹೊರಟವರ ಸುಖಕ್ಕಲ್ಲ. 2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲನ್ನು ಕೊಡಲಾರಂಭಿಸಿದ ಮೇಲೆ, ಈ ಸಣ್ಣ ದಾರಿಗಳಲ್ಲಿ ಸಮವಸ್ತ್ರ ತೊಟ್ಟ ಹೆಣ್ಣುಮಕ್ಕಳು ಗುಂಪುಗುಂಪಾಗಿ ಪ್ರೌಢಶಾಲೆಗೆ ಹೋಗತೊಡಗಿದರು. ಅವರಿಗೆ ಮುಂಚೆ ಇದೇ ದಾರಿಯಲ್ಲಿ ಅವರ ತಂದೆಯರು ಗಂಟೆಗೆ ಬಾಡಿಗೆಯ ಸೈಕಲ್ಲು ತಂದು, ಸೀಟು ಎಟುಕದೆ ಕಂಬಿಯ ಕೆಳಗೆ ಕಾಲು ತೂರಿಸಿ ತುಳಿದವರು. ಫ್ರಾನ್ಸಿನಲ್ಲಿ ಊರ ಹೊರಗೆ ಸೈಕಲ್ಲನ್ನು ಹಿಂದಿಕ್ಕುವ ವಾಹನವು ಒಂದೂವರೆ ಮೀಟರು ದೂರವಿರಬೇಕೆಂದು ಕಾನೂನಿದೆ. 12 ವರ್ಷದೊಳಗಿನ ಮಕ್ಕಳಿಗೆ 2017ರಿಂದ ಹೆಲ್ಮೆಟ್ ಕಡ್ಡಾಯ. ನಮ್ಮಲ್ಲಿ ಕಬ್ಬಿನ ಲಾರಿಯ ಹೊರೆಯು ಮಗುವಿನ ಭುಜವನ್ನು ಸವರಿಕೊಂಡು ಹೋಗುತ್ತದೆ. ಕಬ್ಬು ಸಾಗಿಸುವ ದಿನಗಳಲ್ಲಿ ಶಾಲೆಯ ಹೊತ್ತಿಗೆ ಲಾರಿಗಳನ್ನು ಬಿಡಬಾರದೆಂದು ಗ್ರಾಮ ಪಂಚಾಯಿತಿಗಳು ಒತ್ತಾಯಿಸಬೇಕು.

ಹೊರಡುವವರಿಗೆ ಕಾರ್ತಿಕದಿಂದ ಮಾಘದವರೆಗಿನ ಕಾಲ ಅನುಕೂಲ. ಪಂಕ್ಚರ್ ಹಾಕುವ ಅಂಗಡಿ ಪ್ರತಿ ಊರಿನಲ್ಲಿಯೂ ಸಿಗದು. ಒಂದು ಟ್ಯೂಬು ಮತ್ತು ಕೈಪಂಪು ಜೊತೆಯಲ್ಲಿರಲಿ. ಸುತ್ತೂರು ಜಾತ್ರೆಯ ಆರು ದಿನಗಳಲ್ಲಿ ಮಾತ್ರ ಸೈಕಲ್ಲನ್ನು ಮನೆಯಲ್ಲಿಯೇ ಬಿಟ್ಟು ಹೋಗಿರಿ. ಅಲ್ಲಿ ತುಳಿಯಲು ಹಾಗಿರಲಿ, ತಳ್ಳಿಕೊಂಡು ಹೋಗಲೂ ಎಡೆಯಿರುವುದಿಲ್ಲ.